ರೋಗಿಯ ಪಥ್ಯ ಮತ್ತು ಅಹಿಂಸಾಧರ್ಮ

ಆರೋಗ್ಯವಂತನಾದ ಶ್ರಾವಕನು ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿ ಬಾಳುವುದು ಜೈನ ಸಮಾಜದಲ್ಲಿ ವಿಶೇಷವಾದ ಸಂಗತಿಯಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಡನೆ ಈ ಮೂರರ ತ್ಯಾಗವನ್ನು ಸೇರಿಸಿ ಗೃಹಸ್ಥನ ಎಂಟು ಮೂಲಗುಣಗಳನ್ನು ಹೇಳಿದ್ದಾರೆ. ಆದರೆ ವ್ರತದ ನಿಜವಾದ ಪರೀಕ್ಷೆ ನಡೆಯುವುದು ರೋಗಶಯ್ಯೆಯ ಬಳಿಯಲ್ಲಿ. ದೀರ್ಘ ಜ್ವರದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬಳಲಿದವನಿಗೆ ಬೆಳಗಿನ ಹೊತ್ತು ಮೊಟ್ಟೆ ಕೊಡಿರೆಂದು ವೈದ್ಯರು ಸೂಚಿಸಿದಾಗ ಮನೆಯ ಹಿರಿಯರು ಹಾಲಿನ ಆಸರೆ ಹಿಡಿಯುತ್ತಾರೆ. ಕೆಲವು ವ್ಯಾಧಿಗಳಲ್ಲಿ ಹಾಲು, ಮೊಸರು, ತುಪ್ಪಗಳನ್ನೂ ಬಿಡಬೇಕಾಗುತ್ತದೆ. ಆಗ ರೋಗಿಯ ಬಟ್ಟಲಿನಲ್ಲಿ ಉಳಿಯುವುದೇನು ಎಂಬ ಆತಂಕ ಸಹಜವಾಗಿಯೇ ಹುಟ್ಟುತ್ತದೆ. ಪ್ರಾಣ ಉಳಿಸಿಕೊಳ್ಳುವ ಸಲುವಾಗಿ ಧರ್ಮವನ್ನು ಸಡಿಲಿಸಬೇಕೆ, ಧರ್ಮದ ಸಲುವಾಗಿ ರೋಗಿಯನ್ನು ಸೊರಗಿಸಬೇಕೆ ಎಂಬ ಈ ಪ್ರಶ್ನೆ ಇಂದಿನದಲ್ಲ. ಇದು ಸಾವಿರದ ನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನ ರಾಜಸಭೆಯೊಂದರಲ್ಲಿ ಚರ್ಚೆಗೆ ಬಂದಿತ್ತು.

ಆ ಚರ್ಚೆಯ ಹಿನ್ನೆಲೆಯನ್ನು ತಿಳಿಯಲು ಮೊದಲು ಪ್ರಾಚೀನ ಆಯುರ್ವೇದದ ಕಡೆಗೆ ನೋಡಬೇಕು. ಚರಕಸಂಹಿತೆಯು ಈ ದೇಶದ ವೈದ್ಯಶಾಸ್ತ್ರದ ಮಹಾಗ್ರಂಥ. ಅದರ ಸೂತ್ರಸ್ಥಾನದ 27ನೆಯ ಅಧ್ಯಾಯ ಅನ್ನಪಾನವಿಧಿಗೆ ಮೀಸಲಾಗಿದ್ದು, ಧಾನ್ಯ, ಬೇಳೆ, ಫಲ, ಕ್ಷೀರಗಳ ಜೊತೆಗೆ ನಾನಾ ಪ್ರಾಣಿಗಳ ಮಾಂಸದ ಗುಣಗಳನ್ನೂ ವಿವರಿಸುತ್ತದೆ. ಹಂಸ, ಚಕೋರ, ಕೋಳಿ, ನವಿಲು, ಗುಬ್ಬಚ್ಚಿಗಳ ಮೊಟ್ಟೆಗಳನ್ನು ಅಲ್ಲಿ ಕೆಮ್ಮು, ಹೃದ್ರೋಗ, ಕ್ಷತ ಮೊದಲಾದ ವ್ಯಾಧಿಗಳಲ್ಲಿ ಹಿತಕರವೆಂದೂ ಕೂಡಲೇ ಬಲ ಕೊಡುವಂಥವೆಂದೂ ಹೇಳಿದೆ. ಇಂದು ಆಸ್ಪತ್ರೆಗಳಲ್ಲಿ ಕೇಳಿಬರುವ ಸಲಹೆಗೆ ಇಷ್ಟು ಹಳೆಯ ಬೇರುಗಳಿವೆ ಎಂಬುದನ್ನು ಮರೆಯಲಾಗದು. ಮಾಂಸವನ್ನು ಔಷಧವೆಂದು ಭಾವಿಸಿದವರು ಕ್ರೂರಿಗಳಾಗಿರಲಿಲ್ಲ. ರೋಗಿಯ ಮೇಲಿನ ಕರುಣೆಯೇ ಅವರನ್ನು ನಡೆಸಿತ್ತು. ಆದರೆ ಆ ಕರುಣೆಯ ಪರಿಧಿಯೊಳಗೆ ರೋಗಿಯಿದ್ದನು, ಹತವಾಗುವ ಜೀವ ಇರಲಿಲ್ಲ. ಜೈನ ವೈದ್ಯಪರಂಪರೆಯ ಭಿನ್ನತೆ ಆರಂಭವಾಗುವುದು ಇಲ್ಲಿಂದ.

ಜೈನ ಆಗಮಪರಂಪರೆಯಲ್ಲಿ ವೈದ್ಯವಿದ್ಯೆಯ ಮೂಲವನ್ನು ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯದಲ್ಲಿ ಕಾಣುತ್ತಾರೆ. ಈ ಪರಂಪರೆಯ ಉಪಲಬ್ಧ ಗ್ರಂಥಗಳಲ್ಲಿ ಅತ್ಯಂತ ಮುಖ್ಯವಾದುದು ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕ. ಉಗ್ರಾದಿತ್ಯರು ಶ್ರೀನಂದಿ ಆಚಾರ್ಯರ ಶಿಷ್ಯರು. ತ್ರಿಕಲಿಂಗ ದೇಶದ ರಾಮಗಿರಿಯ ಜಿನಾಲಯದಲ್ಲಿ ತಮ್ಮ ಗ್ರಂಥವನ್ನು ರಚಿಸಿದುದಾಗಿ ಅವರು ಹೇಳಿಕೊಂಡಿದ್ದಾರೆ. ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಅವರು ಗೌರವದಿಂದ ಸ್ಮರಿಸುತ್ತಾರೆ: ಶಾಲಾಕ್ಯದಲ್ಲಿ ಪೂಜ್ಯಪಾದರು, ಶಲ್ಯತಂತ್ರದಲ್ಲಿ ಪಾತ್ರಕೇಸರಿ, ಕಾಯಚಿಕಿತ್ಸೆಯಲ್ಲಿ ದಶರಥಗುರು, ಬಾಲರೋಗಗಳಲ್ಲಿ ಮೇಘನಾದರು. ಈ ಹಿರಿಯರ ವೈದ್ಯಗ್ರಂಥಗಳು ಕಾಲಗರ್ಭದಲ್ಲಿ ಅಡಗಿಹೋಗಿವೆ. ಅವರ ಸ್ಮೃತಿಯನ್ನು ಉಳಿಸಿಕೊಟ್ಟ ಶ್ರೇಯಸ್ಸು ಉಗ್ರಾದಿತ್ಯರಿಗೆ ಸಲ್ಲಬೇಕು. 25 ಪರಿಚ್ಛೇದಗಳ ಈ ಗ್ರಂಥವನ್ನು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದರು. ಹಿಂದೀ ಅನುವಾದದೊಡನೆ ಅದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಗ್ರಂಥದ ಕೊನೆಯಲ್ಲಿ ಪರಿಶಿಷ್ಟರೂಪದಲ್ಲಿ ಹಿತಾಹಿತಾಧ್ಯಾಯವೆಂಬ ಭಾಗವಿದೆ. ನೃಪತುಂಗ ವಲ್ಲಭ ಮಹಾರಾಜಾಧಿರಾಜನ ಸಭೆಯಲ್ಲಿ, ಮಾಂಸಾಹಾರವನ್ನು ಸಮರ್ಥಿಸುವ ವೈದ್ಯವಿದ್ವಾಂಸರ ಎದುರಿನಲ್ಲಿ, ಮಾಂಸವು ನಿಷ್ಫಲವೆಂಬುದನ್ನು ನಿರೂಪಿಸಿದ ಪ್ರಕರಣವಿದು ಎಂದು ಅಲ್ಲಿಯೇ ಉಲ್ಲೇಖವಿದೆ. ಈ ನೃಪತುಂಗನನ್ನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜಿನಸೇನಾಚಾರ್ಯರನ್ನು ಗುರುವಾಗಿ ಕಂಡ, ಗಣಿತಸಾರಸಂಗ್ರಹದ ಮಹಾವೀರಾಚಾರ್ಯರಿಂದ ಸ್ತುತನಾದ, ಕವಿರಾಜಮಾರ್ಗದ ರಚನೆಗೆ ಆಶ್ರಯವಿತ್ತ ದೊರೆಯ ಸಭೆಯಲ್ಲಿ ಪಥ್ಯಾಹಾರವೂ ವಾದದ ವಸ್ತುವಾದುದು ಆ ಕಾಲದ ವಿದ್ವತ್ತಿನ ವ್ಯಾಪ್ತಿಗೆ ಸಾಕ್ಷಿಯಾಗಿದೆ.

ಈ ವಾದದಲ್ಲಿ ಗಮನಿಸಬೇಕಾದ ಪದವೆಂದರೆ ‘ನಿಷ್ಫಲ’. ಮಾಂಸಭಕ್ಷಣೆ ಪಾಪವೆಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಅದು ಶ್ರಾವಕರಿಗೆ ಮಾಡಿದ ಉಪದೇಶವಾಗುತ್ತಿತ್ತು. ಎದುರಿಗೆ ಕುಳಿತ ವೈದ್ಯರು ಅದನ್ನು ಮತಾಚಾರವೆಂದು ತಳ್ಳಿಹಾಕಬಹುದಾಗಿತ್ತು. ಉಗ್ರಾದಿತ್ಯರು ವೈದ್ಯರ ನೆಲೆಯಲ್ಲಿಯೇ ನಿಂತು, ಯಾವುದು ಹಿತ, ಯಾವುದು ಅಹಿತ ಎಂಬ ಶಾಸ್ತ್ರದ ಮಾತಿನಲ್ಲಿಯೇ ವಾದಿಸಿದರು. ಇದರಿಂದ ಒಂದು ಹೊಣೆಯೂ ಅವರ ಮೇಲೆ ಬಿದ್ದಿತು. ಮಾಂಸ ಬೇಡವೆನ್ನುವ ವೈದ್ಯನು ಅದರ ಬದಲಿಗೆ ರೋಗಿಯನ್ನು ಎತ್ತಿ ನಿಲ್ಲಿಸುವ ಆಹಾರವನ್ನೂ ಔಷಧವನ್ನೂ ತೋರಿಸಿಕೊಡಬೇಕು. ಕಲ್ಯಾಣಕಾರಕದ ಪರಿಚ್ಛೇದಗಳು ಆ ಹೊಣೆಯ ನಿರ್ವಹಣೆಯೇ ಆಗಿವೆ. ನಿಷೇಧವು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಚಿಕಿತ್ಸೆಗೆ ಇಡೀ ಗ್ರಂಥ ಬೇಕಾಗುತ್ತದೆ.

ಆ ಆಹಾರ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಆಯುರ್ವೇದದ ಪಥ್ಯಕ್ರಮದಲ್ಲಿಯೇ ಅದು ಮೊದಲಿನಿಂದ ಇತ್ತು. ವಮನ, ವಿರೇಚನಗಳಿಂದ ಶುದ್ಧಿ ಪಡೆದು ಬಳಲಿದವನಿಗೆ ಕೊಡಬೇಕಾದ ಆಹಾರದ ಸರಣಿಯನ್ನು ಚರಕಸಂಹಿತೆಯ ಸಿದ್ಧಿಸ್ಥಾನ ಹೀಗೆ ಹೇಳುತ್ತದೆ: ಮೊದಲು ಪೇಯ, ಬಳಿಕ ವಿಲೇಪಿ, ಬಳಿಕ ಜಿಡ್ಡು ಉಪ್ಪುಗಳಿಲ್ಲದ ಬೇಳೆಯ ಕಟ್ಟು, ಬಳಿಕ ಒಗ್ಗರಣೆಯ ಕಟ್ಟು, ಕೊನೆಯಲ್ಲಿ ಮಾಂಸರಸ. ಉತ್ತಮ ಶುದ್ಧಿಯಾದವನಿಗೆ ಒಂದೊಂದನ್ನೂ ಮೂರು ಹೊತ್ತು, ಮಧ್ಯಮನಿಗೆ ಎರಡು ಹೊತ್ತು, ಅಲ್ಪಶುದ್ಧಿಯವನಿಗೆ ಒಂದು ಹೊತ್ತು ಕೊಡಬೇಕು. ಕಿಡಿಯಷ್ಟಿರುವ ಬೆಂಕಿಗೆ ಹುಲ್ಲು, ಬೆರಣಿಗಳನ್ನು ಸ್ವಲ್ಪಸ್ವಲ್ಪವಾಗಿ ಒಡ್ಡಿ ಬೆಳೆಸುವಂತೆ ರೋಗಿಯ ಜಠರಾಗ್ನಿಯನ್ನೂ ಬೆಳೆಸಬೇಕೆಂಬ ಹೋಲಿಕೆ ಅಲ್ಲಿದೆ. ಈ ಸರಣಿಯ ಕೊನೆಯ ಮೆಟ್ಟಿಲನ್ನು ಬಿಟ್ಟರೆ ಉಳಿದವುಗಳಲ್ಲಿ ಮಾಂಸವೂ ಇಲ್ಲ, ಮೊಟ್ಟೆಯೂ ಇಲ್ಲ. ಮೊದಲ ಮೂರರಲ್ಲಿ ಹಾಲು ತುಪ್ಪಗಳ ಅವಶ್ಯಕತೆಯೂ ಇಲ್ಲ. ರೋಗಿ ಅತ್ಯಂತ ದುರ್ಬಲನಾಗಿರುವ ಹೊತ್ತಿನಲ್ಲಿ ಅವನನ್ನು ಹಿಡಿದೆತ್ತುವುದು ಅಕ್ಕಿ, ನೀರು ಮತ್ತು ಬೆಂಕಿ.

ಇವುಗಳ ಪ್ರಮಾಣವನ್ನೂ ವೈದ್ಯಪರಿಭಾಷೆ ನಿಗದಿಗೊಳಿಸಿದೆ. ಅನ್ನಕ್ಕೆ ಅಕ್ಕಿಯ ಐದರಷ್ಟು ನೀರು, ವಿಲೇಪಿಗೆ ನಾಲ್ಕರಷ್ಟು, ಯವಾಗೂವಿಗೆ ಆರರಷ್ಟು, ಮಂಡಕ್ಕೆ ಹದಿನಾಲ್ಕರಷ್ಟು. ಅಗುಳಿಲ್ಲದ ತಿಳಿ ಮಂಡ, ಕೆಲವು ಅಗುಳು ಕೂಡಿದುದು ಪೇಯ, ಅಗುಳು ಹೆಚ್ಚಿದುದು ಯವಾಗೂ, ದ್ರವ ಕಡಿಮೆಯಾಗಿ ಮುದ್ದೆಯಾದುದು ವಿಲೇಪಿ. ಕನ್ನಡದ ಮನೆಗಳಲ್ಲಿ ಇವು ತಿಳಿಗಂಜಿ, ಗಂಜಿ ಎಂಬ ಹೆಸರುಗಳಿಂದ ಚಿರಪರಿಚಿತವಾಗಿವೆ. ಭತ್ತದ ಅರಳಿನಿಂದ ಕಾಸಿದ ತಿಳಿಯನ್ನು ವಾಂತಿ, ಅತಿಸಾರಗಳಲ್ಲಿ ಕೊಡುವ ರೂಢಿಗೂ ಶಾಸ್ತ್ರದ ಆಧಾರವಿದೆ. ಹೆಸರುಬೇಳೆಯ ಕಟ್ಟು ಬೇಳೆಗಳ ಪೈಕಿ ಅತ್ಯಂತ ಲಘುವೆಂದು ಪ್ರಸಿದ್ಧವಾಗಿದೆ.

ಹಾಲಿನ ವಿಷಯದಲ್ಲಿ ಆಯುರ್ವೇದದ ಮತ ಏಕಪ್ರಕಾರವಾಗಿಲ್ಲ. ಹಾಲನ್ನು ಜೀವನೀಯಗಳಲ್ಲಿ ಶ್ರೇಷ್ಠವೆಂದು ಕೊಂಡಾಡುವ ಶಾಸ್ತ್ರವೇ, ಹಳೆಯ ಜ್ವರದಲ್ಲಿ ಅಮೃತವಾಗುವ ಹಾಲು ಹೊಸ ಜ್ವರದಲ್ಲಿ ವಿಷವಾಗುತ್ತದೆ ಎಂದು ಎಚ್ಚರಿಸುತ್ತದೆ. ಪಥ್ಯವೆಂಬುದು ಪದಾರ್ಥದ ಸ್ಥಿರಗುಣವಲ್ಲ. ಕಾಲ, ರೋಗ, ರೋಗಿಯ ಬಲಗಳನ್ನು ಅವಲಂಬಿಸಿದ ವಿವೇಕ. ಹಾಲಿಲ್ಲದೆ ಚೇತರಿಕೆಯಿಲ್ಲವೆಂಬ ನಂಬಿಕೆಗೆ ಪ್ರಾಚೀನ ವೈದ್ಯರ ಬೆಂಬಲವಿಲ್ಲ.

ಜೈನಾಚಾರದಲ್ಲಿ ಹಾಲು ತುಪ್ಪಗಳು ಗೃಹಸ್ಥನಿಗೆ ನಿಷಿದ್ಧವಲ್ಲ. ಆದರೂ ಅವುಗಳನ್ನು ಬಿಟ್ಟು ಬಾಳುವ ಶಿಕ್ಷಣ ಈ ಪರಂಪರೆಯಲ್ಲಿ ಧಾರಾಳವಾಗಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವನ್ನು ಎಣಿಸುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರರಲ್ಲಿ ಎಲ್ಲವನ್ನಾಗಲಿ ಕೆಲವನ್ನಾಗಲಿ ಬಿಡುವುದೇ ರಸಪರಿತ್ಯಾಗವೆಂದು ಮೂಲಾಚಾರ ವಿವರಿಸುತ್ತದೆ. ಶ್ವೇತಾಂಬರ ಸಂಪ್ರದಾಯದಲ್ಲಿ ಇದೇ ಭಾವನೆ ಆಯಂಬಿಲವಾಗಿ, ಎಂದರೆ ಆಚಾಮ್ಲವಾಗಿ, ಬೆಳೆದಿದೆ. ಚೈತ್ರ ಮತ್ತು ಆಶ್ವಯುಜ ಮಾಸಗಳಲ್ಲಿ ಒಂಬತ್ತು ದಿನ ದಿನಕ್ಕೊಮ್ಮೆ ಬೇಯಿಸಿದ ಸಪ್ಪೆ ಧಾನ್ಯವನ್ನುಣ್ಣುವ ಈ ವ್ರತವನ್ನು ಶ್ರೀಪಾಲ ಮಹಾರಾಜನ ಕುಷ್ಠನಿವಾರಣೆಯ ಕಥೆಯೊಡನೆ ಜೋಡಿಸಿ ಸ್ಮರಿಸುತ್ತಾರೆ.

ಜೈನ ಗೃಹಿಣಿಯ ಅಡುಗೆಮನೆಯ ಮರ್ಯಾದೆಗಳು ಈ ಪಥ್ಯಕ್ಕೆ ಹೊಂದಿಕೊಂಡೇ ಇವೆ. ಸೂರ್ಯೋದಯದ ನಂತರ ಎರಡು ಘಳಿಗೆ ಕಳೆದ ಮೇಲೆ ಆಹಾರ ಸೇವಿಸಬೇಕೆಂಬ ನಿಯಮದಿಂದ ಬೆಳಗಿನ ಗಂಜಿ ಹೊಸದಾಗಿ ಕಾಸಿದುದೇ ಆಗಿರುತ್ತದೆ. ರಾತ್ರಿ ಉಳಿದು ಹುಳಿತ ಅಂಬಲಿಗೆ ಅಲ್ಲಿ ಅವಕಾಶವಿಲ್ಲ. ಹಸಿಶುಂಠಿ ಅನಂತಕಾಯವಾದುದರಿಂದ ತ್ಯಾಜ್ಯ. ಪೇಯಕ್ಕೆ ಸೇರಿಸಬೇಕಾದ ಶುಂಠಿ ಒಣಶುಂಠಿಯಾದುದರಿಂದ ಗ್ರಾಹ್ಯ. ದ್ವಿದಳದೋಷದ ಭಯದಿಂದ ಹೆಸರುಕಟ್ಟಿಗೆ ಮಜ್ಜಿಗೆ ಬೆರೆಸುವ ಪದ್ಧತಿಯಿಲ್ಲ. ಹೀಗೆ ಹಾಲು ಮಜ್ಜಿಗೆಗಳಿಲ್ಲದ ಬೆಳಗಿನ ಬಟ್ಟಲು ಈ ಮನೆಗಳಿಗೆ ಅಪರಿಚಿತವಾಗಿರಲಿಲ್ಲ.

ಉಗ್ರಾದಿತ್ಯರ ದಾರಿ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಅನುಸರಿಸಿ ಕರ್ನಾಟಕ ಕಲ್ಯಾಣಕಾರಕವನ್ನು ಕನ್ನಡದಲ್ಲಿ ರಚಿಸಿದನು. ಮದ್ಯಮಾಂಸಗಳನ್ನು ಬಿಟ್ಟ ಚಿಕಿತ್ಸೆಯೇ ಅದರ ವೈಶಿಷ್ಟ್ಯ. ಪಂಡಿತರ ಸಭೆಯಲ್ಲಿ ಸಿದ್ಧವಾದ ಮಾತು ನಾಡಿನ ವೈದ್ಯರ ಕೈಗೆ, ಅಲ್ಲಿಂದ ಮನೆಯ ಒಲೆಗೆ ಇಳಿದು ಬರಲು ಇಂಥ ಕೃತಿಗಳು ಸೇತುವೆಯಾದವು.

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವೈದ್ಯವಿಜ್ಞಾನವು ಬೇರೊಂದು ದಾರಿಯಿಂದ ಇದೇ ಬಟ್ಟಲಿನ ಸಮೀಪಕ್ಕೆ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದ ವೈದ್ಯ ಆಲ್ಬರ್ಟ್ ರೋ ಅವರು 1920ರ ದಶಕದಿಂದ ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ವರ್ಜನ ಪಥ್ಯಗಳನ್ನು ರೂಪಿಸಿದರು. ಸಂಶಯಾಸ್ಪದವಾದ ಹಾಲು, ಮೊಟ್ಟೆ, ಗೋಧಿಗಳನ್ನು ಕೆಲವು ಕಾಲ ಪೂರ್ಣವಾಗಿ ನಿಲ್ಲಿಸುವುದು, ಲಕ್ಷಣಗಳು ಶಮನವಾದರೆ ಒಂದೊಂದನ್ನೇ ಮತ್ತೆ ಕೊಟ್ಟು ನೋಡುವುದು ಈ ಕ್ರಮದ ಸಾರ. ಅವರ ಪಥ್ಯಗಳಲ್ಲಿ ಅಕ್ಕಿಗೆ ಪ್ರಮುಖ ಸ್ಥಾನವಿತ್ತು. ಆದರೆ ಅದರ ಜೊತೆಯಲ್ಲಿ ಕುರಿಮರಿಯ ಮಾಂಸವೂ ಇತ್ತು. ಚರಕನ ಸರಣಿಯ ಕೊನೆಯ ಮೆಟ್ಟಿಲಿನಲ್ಲಿ ಎದುರಾದ ಸಮಸ್ಯೆಯೇ ಇಲ್ಲಿಯೂ ಎದುರಾಗುತ್ತದೆ. ಜೈನ ರೋಗಿಗೆ ಸಿದ್ಧಪಥ್ಯವನ್ನು ಇದ್ದಂತೆಯೇ ಒಪ್ಪಿಸಲಾಗದು, ಅವನ ವ್ರತದೊಳಗೇ ಹೊಸದಾಗಿ ಹೊಂದಿಸಬೇಕು. ಅಕ್ಕಿ, ರಾಗಿ, ಹೆಸರು, ಎಳ್ಳು, ತೆಂಗಿನಕಾಯಿ, ಒಗ್ಗುವ ಹಣ್ಣುಗಳಿಂದ ಇದು ಸಾಧ್ಯ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಂಜಿ ಚೇತರಿಕೆಯ ಮೊದಲ ಮೆಟ್ಟಿಲೇ ಹೊರತು ಪೂರ್ಣ ಆಹಾರವಲ್ಲ. 1948ರಲ್ಲಿ ಬೇರ್ಪಡಿಸಲಾದ ಬಿ 12 ಜೀವಸತ್ವವು ಸಸ್ಯಾಹಾರಿಗಳಿಗೆ ಬಹುಮಟ್ಟಿಗೆ ಹಾಲು ಮೊಸರುಗಳಿಂದಲೇ ದೊರೆಯುತ್ತದೆ. ಹಾಲನ್ನು ದೀರ್ಘಕಾಲ ಬಿಡಬೇಕಾದವರಿಗೆ ಅದರ ಕೊರತೆ ತಲೆದೋರಿ ರಕ್ತಕ್ಕೂ ನರಗಳಿಗೂ ಹಾನಿಯಾಗಬಹುದು. ಸುಣ್ಣದಂಶ, ಸಸಾರಜನಕಗಳ ವಿಚಾರವೂ ಹೀಗೆಯೇ. ಆದ್ದರಿಂದ ವೈದ್ಯರ ಸಲಹೆಯಂತೆ ಗುಳಿಗೆಗಳನ್ನು ಸೇವಿಸಬೇಕು. ಎಷ್ಟೋ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯವಾದ ಜೆಲಾಟಿನ್ ಆಗಿರುವುದರಿಂದ ವಿಚಾರಿಸಿ ತೆಗೆದುಕೊಳ್ಳುವುದು ಉಚಿತ. ವ್ರತವನ್ನು ವೈದ್ಯರಿಂದ ಮುಚ್ಚಿಡುವುದಕ್ಕಿಂತ ಮೊದಲೇ ತಿಳಿಸಿ, ಅದರೊಳಗೆ ಉಪಾಯ ಕೇಳುವುದು ಉಗ್ರಾದಿತ್ಯರ ಮಾರ್ಗಕ್ಕೆ ಹತ್ತಿರವಾದುದು.

ಉಪಾಯ ಹುಡುಕುವ ಹೊಣೆ ರೋಗಿಯೊಬ್ಬನದೇ ಅಲ್ಲ. ತತ್ತ್ವಾರ್ಥಸೂತ್ರದಲ್ಲಿ ರಸಪರಿತ್ಯಾಗವು ಬಾಹ್ಯ ತಪಸ್ಸಾದರೆ, ಮರುಸೂತ್ರದಲ್ಲಿಯೇ ಬರುವ ವೈಯಾವೃತ್ತ್ಯವು, ಎಂದರೆ ಸೇವೆಯು, ಆಭ್ಯಂತರ ತಪಸ್ಸು. ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ಗ್ಲಾನನನ್ನು, ಎಂದರೆ ರೋಗಪೀಡಿತನನ್ನು, ಸ್ಪಷ್ಟವಾಗಿ ಹೆಸರಿಸಲಾಗಿದೆ. ಈ ಸೂತ್ರಗಳು ಹೇಳಿದುದು ಮುನಿಗಳಿಗಾದರೂ ಅವುಗಳ ಆಶಯ ಮನೆಗಳಿಗೂ ಅನ್ವಯಿಸುತ್ತದೆ. ರೋಗಪೀಡಿತನಾದ ಮುನಿಯ ವಾಂತಿಯನ್ನು ಅಸಹ್ಯಪಡದೆ ತನ್ನ ಕೈಯಾರೆ ತೊಳೆದ ಉದ್ದಾಯನ ರಾಜನನ್ನು ನಿರ್ವಿಚಿಕಿತ್ಸಾ ಅಂಗಕ್ಕೆ ಆದರ್ಶವಾಗಿ ಸ್ಮರಿಸುವ ಸಮಾಜದಲ್ಲಿ, ನಿತ್ಯ ಬೆಳಗ್ಗೆ ಎದ್ದು ಬೇರೊಂದು ಪಾತ್ರೆಯಲ್ಲಿ ಪಥ್ಯ ಕಾಸುವ ತಾಯಿಯ, ಸೊಸೆಯ, ಮಗನ ಶ್ರಮ ತಪಸ್ಸೆಂದೇ ಗಣ್ಯವಾಗಬೇಕು. ವ್ರತದ ಹೆಸರಿನಲ್ಲಿ ರೋಗಿಯನ್ನು ಹಸಿವಿಗೆ ದೂಡುವುದಾಗಲಿ, ಕಷ್ಟದಲ್ಲಿ ಎಡವಿದವನನ್ನು ಹೀಯಾಳಿಸುವುದಾಗಲಿ ಅಹಿಂಸೆಯಾಗದು.

ಕ್ಷೇತ್ರಗಳ ಭೋಜನಶಾಲೆಗಳನ್ನೂ ಯಾತ್ರಿನಿವಾಸಗಳನ್ನೂ ನಡೆಸುವ ಬಸದಿಗಳ ವಿಶ್ವಸ್ಥ ಮಂಡಳಿಗಳಿಗೂ ಇಲ್ಲೊಂದು ಕರ್ತವ್ಯವಿದೆ. ಬೆಳಗಿನ ಉಪಾಹಾರದ ಸಾಲಿನಲ್ಲಿ ಹಾಲು, ತುಪ್ಪ, ಖಾರಗಳಿಲ್ಲದ ಒಂದು ಗಂಜಿ, ಒಂದು ಹೆಸರುಕಟ್ಟು ಸಿದ್ಧವಿದ್ದರೆ ಪಥ್ಯದಲ್ಲಿರುವ ಯಾತ್ರಿಕನು ಹಸಿದು ದರ್ಶನಕ್ಕೆ ನಿಲ್ಲಬೇಕಾಗುವುದಿಲ್ಲ. ಇದಕ್ಕೆ ತಗಲುವ ವೆಚ್ಚ ಅಲ್ಪ. ಮಾನ್ಯಖೇಟದ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಶಾಸ್ತ್ರದಿಂದ ಸಾಧಿಸಿದುದನ್ನು ಇಂದಿನ ಭೋಜನಶಾಲೆಗಳು ಒಂದು ಬಟ್ಟಲು ಗಂಜಿಯಿಂದ ಆಚರಿಸಿ ತೋರಿಸಬಹುದು.