ಗಾಳ ಎಳೆಯುತ್ತಾ ಸಾಗುವ ದೋಣಿಗಳು ಪಾಲಿಸಬೇಕಾದ ನಿಯಮಗಳು

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮತ್ತು ನಾಡದೋಣಿಗಳು ಮೀನುಗಾರಿಕೆ ನಡೆಸುತ್ತವೆ. ಅಂಜಲ್, ಕೇದರ ಮುಂತಾದ ಮೀನುಗಳಿಗಾಗಿ ಚಲಿಸುವ ದೋಣಿಯ ಹಿಂದೆ ಗಾಳದ ದಾರ ಎಳೆಯುವ ವಿಧಾನವೇ ಟ್ರೋಲಿಂಗ್. ಇದು ಬಲೆ ಎಳೆಯುವ ಟ್ರಾಲಿಂಗ್‌ಗಿಂತ ಭಿನ್ನವಾದುದು. ದಾರಿ ಬಿಡುವ ಹೊಣೆ ಯಾರದೆಂಬುದು ಈ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ.

1. ದಾರಿ ಬಿಡುವ ಹೊಣೆ
ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳು 1977ರ ಜುಲೈ 15ರಿಂದ ಜಾರಿಯಲ್ಲಿವೆ. ಇವುಗಳ 3ನೇ ನಿಯಮದಂತೆ, ಬಲೆ ಅಥವಾ ಇತರ ಮೀನುಗಾರಿಕೆ ಸಾಧನದಿಂದಾಗಿ ಸುಲಭವಾಗಿ ತಿರುಗಲಾಗದ ದೋಣಿಯನ್ನು ಮಾತ್ರ 'ಮೀನುಗಾರಿಕೆಯಲ್ಲಿ ನಿರತ' ಎಂದು ಪರಿಗಣಿಸಲಾಗುತ್ತದೆ. ಗಾಳ ಎಳೆಯುವ ದೋಣಿಗೆ ಈ ಆದ್ಯತೆ ಇರುವುದಿಲ್ಲ. ನೀರಿನಲ್ಲಿ ದಾರವಿದೆ ಎಂಬ ಕಾರಣಕ್ಕೆ ಇತರರು ದಾರಿ ಬಿಡುವರೆಂದು ಭಾವಿಸುವುದು ಅಪಾಯಕರ. ಇಂತಹ ಮೋಟಾರು ದೋಣಿಯು ಬಲೆ ಎಳೆಯುತ್ತಿರುವ ದೋಣಿಗಳಿಗೂ ಹಾಯಿದೋಣಿಗಳಿಗೂ ದಾರಿ ಬಿಡತಕ್ಕದ್ದು.

2. ಎರಡು ಮೋಟಾರು ದೋಣಿಗಳು ಸಮೀಪಿಸಿದಾಗ
ಅ) ನೇರ ಎದುರಾದಲ್ಲಿ ಎರಡೂ ದೋಣಿಗಳು ಬಲಕ್ಕೆ ತಿರುಗತಕ್ಕದ್ದು.
ಆ) ಅಡ್ಡಹಾಯುವಾಗ, ತನ್ನ ಬಲಭಾಗದಲ್ಲಿ ಇನ್ನೊಂದು ದೋಣಿಯನ್ನು ಕಾಣುವ ದೋಣಿಯು ದಾರಿ ಬಿಡತಕ್ಕದ್ದು.
ಇ) ಹಿಂದಿನಿಂದ ಬಂದು ದಾಟುವ ದೋಣಿಯೇ ದೂರ ಸರಿಯತಕ್ಕದ್ದು.
ಈ) ಅಂತರ ಕಡಿಮೆಯಾಗುತ್ತಿದ್ದರೂ ಎದುರಿನ ದೋಣಿ ಕಾಣುವ ದಿಕ್ಕು ಬದಲಾಗದಿದ್ದಲ್ಲಿ ಡಿಕ್ಕಿಯ ಸಂಭವವಿದೆ. ಆಗ ಬೇಗನೆ, ಇತರರಿಗೆ ಸ್ಪಷ್ಟವಾಗಿ ಕಾಣುವಷ್ಟು ದಿಕ್ಕು ಬದಲಿಸತಕ್ಕದ್ದು.

3. ದಾರ ಮತ್ತು ಬಲೆಗಳು
ಟ್ರಾಲ್ ದೋಣಿಯ ಹಿಂದೆ ಬಲೆ ಬಹುದೂರ ಚಾಚಿರುವುದರಿಂದ ಅದರ ಹಿಂಭಾಗದಲ್ಲಿ ಸಮೀಪದಿಂದ ಹಾಯಬಾರದು. ಬಲೆಗೆ ಸಿಕ್ಕಿದ ದಾರದಿಂದ ಬಲೆ ಹರಿಯಬಹುದು. ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡರೆ ದೋಣಿ ನಿಂತುಹೋಗಬಹುದು. ಇನ್ನೊಂದು ದೋಣಿಯ ಗಾಳದ ದಾರಗಳ ಮೇಲೆ ಹಾಯುವುದೂ ಸಲ್ಲದು. ದಟ್ಟಣೆಯಿರುವಲ್ಲಿ ದಾರಗಳನ್ನು ಮೊದಲೇ ಎಳೆದುಕೊಳ್ಳುವುದು ಸೂಕ್ತ. ಡಿಕ್ಕಿ ತಪ್ಪಿಸಲು ಅಗತ್ಯವಾದಲ್ಲಿ ದಾರವನ್ನು ಕತ್ತರಿಸಲು ಹಿಂಜರಿಯಬಾರದು. ಎಲ್ಲರೂ ಗಾಳದತ್ತ ಗಮನವಿಡದೆ, ಒಬ್ಬರು ಸದಾ ಸುತ್ತಲೂ ಕಾವಲು ನೋಡುತ್ತಿರತಕ್ಕದ್ದು.

4. ಅಳಿವೆ ಮತ್ತು ಬಂದರಿನ ಕಾಲುವೆ
ಇಕ್ಕಟ್ಟಾದ ಕಾಲುವೆಗಳಲ್ಲಿ ಬಲಬದಿಯಲ್ಲಿಯೇ ಸಾಗತಕ್ಕದ್ದು. 20 ಮೀಟರಿಗಿಂತ ಚಿಕ್ಕ ದೋಣಿಗಳು, ಕಾಲುವೆಯಲ್ಲಿ ಮಾತ್ರ ಸಂಚರಿಸಬಲ್ಲ ಹಡಗುಗಳಿಗೆ ಅಡ್ಡಿಯಾಗಬಾರದು.

5. ರಾತ್ರಿಯ ದೀಪಗಳು
ಟ್ರಾಲ್ ದೋಣಿಯು ಮೇಲೆ ಹಸಿರು, ಕೆಳಗೆ ಬಿಳಿ ದೀಪವನ್ನೂ, ಇತರ ಬಲೆಯ ದೋಣಿಯು ಮೇಲೆ ಕೆಂಪು, ಕೆಳಗೆ ಬಿಳಿ ದೀಪವನ್ನೂ ತೋರಿಸುತ್ತದೆ. ಗಾಳ ಎಳೆಯುವ ದೋಣಿಯು ಈ ದೀಪಗಳನ್ನು ಹಾಕುವಂತಿಲ್ಲ. ತನ್ನ ಉದ್ದಕ್ಕೆ ಅನ್ವಯಿಸುವ ಸಾಮಾನ್ಯ ಸಂಚಾರ ದೀಪಗಳನ್ನೇ ಬೆಳಗಿಸತಕ್ಕದ್ದು.

6. ತುರ್ತು ಸಂದರ್ಭ
ಅಪಘಾತವಾದಲ್ಲಿ ವಿ.ಎಚ್.ಎಫ್. 16ನೇ ಚಾನೆಲ್ ಮೂಲಕ ಅಥವಾ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ತಿಳಿಸತಕ್ಕದ್ದು. ಜೀವರಕ್ಷಕ ಜಾಕೆಟ್, ದೋಣಿಯ ನೋಂದಣಿ ಪತ್ರ ಹಾಗೂ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮದನ್ವಯ ಪಡೆದ ಲೈಸೆನ್ಸ್ ದೋಣಿಯಲ್ಲಿರತಕ್ಕದ್ದು.

ಲೈಸೆನ್ಸ್ ಕುರಿತ ಮಾಹಿತಿಗಾಗಿ ಅರ್ಜಿದಾರರು ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.