ಪದವಿ ಕಾಲೇಜುಗಳಲ್ಲಿ ಪಠ್ಯಕ್ರಮ ರಚನೆ ಹಾಗೂ ಕಲಿಕೆಯ ಮೌಲ್ಯಮಾಪನ

ಅಂಕಪಟ್ಟಿಯಲ್ಲಿ ನಮೂದಾಗುವ ಅಂಕಗಳು ಏನನ್ನು ಅಳೆಯುತ್ತವೆ ಹಾಗೂ ಸಂದೇಹವಿದ್ದಲ್ಲಿ ವಿದ್ಯಾರ್ಥಿಗಳಿಗೆ ಇರುವ ಅವಕಾಶಗಳಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಪಠ್ಯಕ್ರಮ ರಚನೆ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ವ್ಯಾಪ್ತಿಗೆ ಒಳಪಡುವ ವಿಶ್ವವಿದ್ಯಾಲಯಗಳಲ್ಲಿ ಆಯಾ ವಿಷಯದ ಅಧ್ಯಯನ ಮಂಡಳಿಯು ಪಠ್ಯಕ್ರಮವನ್ನು ಸಿದ್ಧಪಡಿಸಿ ವಿದ್ಯಾವಿಷಯಕ ಪರಿಷತ್ತಿನ ಮುಂದಿರಿಸುತ್ತದೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಅಧ್ಯಯನ ಮಂಡಳಿಗಳನ್ನು ಹೊಂದಿದ್ದರೂ ಪದವಿಯನ್ನು ವಿಶ್ವವಿದ್ಯಾಲಯವೇ ಪ್ರದಾನ ಮಾಡುತ್ತದೆ. ಕ್ರೆಡಿಟ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿನುದ್ದಕ್ಕೂ ವಾರಕ್ಕೆ 1 ಗಂಟೆಯ ಬೋಧನೆ ಅಥವಾ 2 ಗಂಟೆಗಳ ಪ್ರಾಯೋಗಿಕ ತರಗತಿಯು 1 ಕ್ರೆಡಿಟ್‌ಗೆ ಸಮನಾಗಿರುತ್ತದೆ.

2. ಕಲಿಕೆಯ ಫಲಿತ ಮತ್ತು ಪರೀಕ್ಷೆ

ವಿದ್ಯಾರ್ಥಿಯು ಕೊನೆಯಲ್ಲಿ ಏನನ್ನು ಮಾಡಬಲ್ಲವನಾಗಬೇಕು ಅಥವಾ ಮಾಡಬಲ್ಲವಳಾಗಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕನುಗುಣವಾಗಿ ಬೋಧನೆ ಮತ್ತು ಪರೀಕ್ಷೆಗಳನ್ನು ರೂಪಿಸುವುದು ಉತ್ತಮ ಪಠ್ಯಕ್ರಮದ ಲಕ್ಷಣವಾಗಿದೆ. ಉದಾಹರಣೆಗೆ, ವಾಣಿಜ್ಯ ಪದವಿಯಲ್ಲಿ ಅಂತಿಮ ಲೆಕ್ಕಪತ್ರಗಳನ್ನು ತಯಾರಿಸುವ ಸಾಮರ್ಥ್ಯವು ಗುರಿಯಾಗಿದ್ದಲ್ಲಿ, ತಾಳೆಪಟ್ಟಿಯನ್ನು ನೀಡಿ ಲೆಕ್ಕಪತ್ರಗಳನ್ನು ಬರೆಯಿಸುವುದು ಸೂಕ್ತ. ವ್ಯಾಖ್ಯೆಗಳನ್ನಷ್ಟೇ ಕೇಳಿದಲ್ಲಿ ಜ್ಞಾಪಕಶಕ್ತಿಯ ಪರೀಕ್ಷೆಯಾಗುತ್ತದೆಯೇ ಹೊರತು ಸಾಮರ್ಥ್ಯದ ಪರೀಕ್ಷೆಯಾಗುವುದಿಲ್ಲ.

3. ಆಂತರಿಕ ಮೌಲ್ಯಮಾಪನ

ಕಿರುಪರೀಕ್ಷೆ, ನಿಯೋಜಿತ ಕಾರ್ಯ, ವಿಚಾರಗೋಷ್ಠಿ ಮುಂತಾದವುಗಳ ಮೂಲಕ ಆಂತರಿಕ ಅಂಕಗಳನ್ನು ನೀಡಲಾಗುತ್ತದೆ. ತಿದ್ದಿದ ಉತ್ತರಗಳು ಸೆಮಿಸ್ಟರ್ ಮುಗಿಯುವ ಮುನ್ನವೇ ಹಿಂದಿರುಗಿದಲ್ಲಿ ಮಾತ್ರ ವಿದ್ಯಾರ್ಥಿಯು ತನ್ನ ದೋಷಗಳನ್ನು ಸರಿಪಡಿಸಿಕೊಳ್ಳಲು ಸಾಧ್ಯ. ಆದುದರಿಂದ ಅಂಕ ಹಂಚಿಕೆಯ ವಿವರವನ್ನು ಸೆಮಿಸ್ಟರಿನ ಆರಂಭದಲ್ಲಿಯೇ ಕೇಳಿ ಪಡೆಯುವುದು ಸೂಕ್ತ.

4. ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು

ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ಪರಿಶೀಲಿಸಲು ಹಾಗೂ ಅದರ ಪ್ರತಿಯನ್ನು ಪಡೆಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಪರೀಕ್ಷಾರ್ಥಿಗೆ ಹಕ್ಕಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ 9ರಂದು ತೀರ್ಪು ನೀಡಿದೆ. ಈ ಹಕ್ಕು ಪತ್ರಿಕೆಯನ್ನು ಸಂರಕ್ಷಿಸಿಡುವ ಅವಧಿಗೆ ಸೀಮಿತವಾಗಿದೆ. ಮೌಲ್ಯಮಾಪಕರ ಹೆಸರನ್ನು ಬಹಿರಂಗಪಡಿಸಲಾಗುವುದಿಲ್ಲ.

ಅರ್ಜಿ ಸಲ್ಲಿಸುವ ವಿಧಾನ:
• ಅರ್ಜಿಯನ್ನು ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಸಲ್ಲಿಸತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ.
• ನೋಂದಣಿ ಸಂಖ್ಯೆ, ಪರೀಕ್ಷೆಯ ತಿಂಗಳು ಮತ್ತು ವರ್ಷ, ಪತ್ರಿಕೆಯ ಹೆಸರನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.
• 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಅಲ್ಲಿಂದ 30 ದಿನಗಳೊಳಗಾಗಿ ಮೊದಲ ಮೇಲ್ಮನವಿಯನ್ನು ಸಲ್ಲಿಸಬಹುದು.

5. ಗಮನಿಸಬೇಕಾದ ಅಂಶಗಳು

ಮಾಹಿತಿ ಹಕ್ಕಿನಡಿ ಪ್ರತಿಯನ್ನು ಪಡೆದ ಮಾತ್ರಕ್ಕೆ ಮರುಮೌಲ್ಯಮಾಪನ ನಡೆಯುವುದಿಲ್ಲ. ಅದಕ್ಕೆ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿನ ದಿನಾಂಕದೊಳಗೆ ಪ್ರತ್ಯೇಕ ಅರ್ಜಿ ಅಗತ್ಯ. ಪ್ರತಿಯ ನಿರೀಕ್ಷೆಯಲ್ಲಿ ಆ ದಿನಾಂಕವು ಮೀರಿದಲ್ಲಿ ಅವಕಾಶವು ತಪ್ಪುವ ಸಂಭವವಿದೆ.

ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯ ಬದಲಿಗೆ 2024-25ರಿಂದ ಮೂರು ವರ್ಷಗಳ ಪದವಿಯನ್ನು ಮತ್ತೆ ಜಾರಿಗೊಳಿಸಲಾಗಿದೆ. ಆದ್ದರಿಂದ ಅರ್ಜಿದಾರರು ತಾವು ಪ್ರವೇಶ ಪಡೆದ ವರ್ಷಕ್ಕೆ ಅನ್ವಯವಾಗುವ ನಿಯಮಾವಳಿಯನ್ನೇ ಪರಿಶೀಲಿಸಿಕೊಳ್ಳತಕ್ಕದ್ದು.