ನಮ್ಮ ಮಾಡಿನ ಚರಿತ್ರೆ

ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಹಳೆಯ ಮನೆಗೆ ಹೊಸ ಮಾಡು ಹಾಕಿಸುವ ಮಾತು ಬಂತು. ಕರಾವಳಿಯಲ್ಲಿ ಛಾವಣಿಯನ್ನು ಮಾಡು ಎನ್ನುತ್ತಾರೆ. ಕುಂದಾಪುರದ ಕಡೆಯ ನಮ್ಮ ಮನೆಯಂಗಳದಲ್ಲಿ ನಿಂತರೆ ಸಮುದ್ರ ಕಾಣಿಸುವುದಿಲ್ಲ. ಆದರೆ ಜೂನ್ ತಿಂಗಳ ರಾತ್ರಿಗಳಲ್ಲಿ ಅದರ ಮೊರೆತ ಹಾಸಿಗೆಯವರೆಗೆ ಬರುತ್ತದೆ. ಉಪ್ಪುಗಾಳಿಯಂತೂ ವರ್ಷವಿಡೀ ಬಂದು ಕಿಟಕಿಯ ಸರಳುಗಳನ್ನು ತಿನ್ನುತ್ತಿರುತ್ತದೆ. ಮನೆಯ ಮುಂಭಾಗ ಹಂಚಿನದು, ಹಿಂಭಾಗ ತಾರಸಿಯದು. ಎರಡೂ ಸೋರುತ್ತಿದ್ದವು.

“ಎಲ್ಲ ತೆಗೆಸಿ ಶೀಟ್ ಹಾಕಿಸೋಣ. ಇನ್ನು ನಮ್ಮ ಮಕ್ಕಳ ಕಾಲದವರೆಗೆ ಮಾಡಿನ ಸುದ್ದಿ ಎತ್ತಬಾರದು” ಎಂದರು ಭಾಯಿ. ಅಮ್ಮಿ ನಕ್ಕರು. ಹುಲ್ಲು ತೆಗೆದು ಹಂಚು ಹಾಕಿದ ದಿನ ನಮ್ಮ ದಾದಾ ಇದೇ ಮಾತು ಹೇಳಿದ್ದರಂತೆ. ತಾರಸಿ ಹಾಕಿದ ದಿನ ಭಾಯಿ ತಾವೇ ಹೇಳಿದ್ದರು.

ಆ ನಗುವಿನಿಂದಾಗಿ ನಾವು ಮಾಡಿನ ಹಿಂದೆ ಬಿದ್ದೆವು. ಅರಮನೆ, ಕೋಟೆ, ಯುದ್ಧಗಳ ಚರಿತ್ರೆಯನ್ನು ಓದಿದ್ದೇವೆ. ನಮ್ಮ ತಲೆಯ ಮೇಲೆ ಏನಿತ್ತು, ಅದನ್ನು ಅಲ್ಲಿ ಇಡಲು ಯಾರ ಅಪ್ಪಣೆ ಬೇಕಿತ್ತು ಎಂಬುದನ್ನು ಯಾರೂ ನಮಗೆ ಪಾಠ ಮಾಡಿರಲಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆಗಳನ್ನು ಕಂಡದ್ದನ್ನು ನಮ್ಮ ಭಾಷಣಕಾರರು ಮರೆಯದೆ ಹೇಳುತ್ತಾರೆ. ಅದೇ ಪ್ರವಾಸಿ ಮಲಬಾರಿನ ದಾರಿಯ ಬಗ್ಗೆ ಬರೆಯುತ್ತಾ, ಇಲ್ಲಿ ಪ್ರತಿಯೊಬ್ಬನಿಗೂ ಒಂದು ತೋಟ, ತೋಟದ ನಡುವೆ ಮನೆ, ಸುತ್ತ ಮರದ ಬೇಲಿ ಎಂದಿದ್ದಾನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟದಷ್ಟು ಅಂತರ. ಈ ಅಂತರಕ್ಕೆ ತೆಂಗು, ಅಡಿಕೆ, ನೀರಿನ ಕಾರಣಗಳಿವೆ. ಬೆಂಕಿಯ ಭಯವೂ ಒಂದು ಕಾರಣವಾಗಿದ್ದಿರಬೇಕೆಂದು ನಮ್ಮ ಊಹೆ. ಹುಲ್ಲು, ಗರಿ ಹೊದೆಸಿದ ಮನೆಗಳು ಒತ್ತೊತ್ತಾಗಿದ್ದರೆ ಒಂದು ಒಲೆಯ ಕಿಡಿಗೆ ಕೇರಿಯೇ ಹೋಗುತ್ತದೆ.

ಪದವಿನಲ್ಲಿ ಬೆಳೆಯುವ ಮುಳಿಹುಲ್ಲು, ತೆಂಗಿನ ಮಡಲು, ಉತ್ತರ ಕನ್ನಡದ ಕಡೆ ಅಡಿಕೆ ಸೋಗೆ, ಕೆಲವೆಡೆ ತಾಳೆಗರಿ. ಬಡವನ ಮಾಡು ಇದಿಷ್ಟೇ. ಹುಲ್ಲಿನ ಮನೆ ತಂಪು ಎಂದು ಈಗ ರೆಸಾರ್ಟುಗಳಲ್ಲಿ ಬಾಡಿಗೆ ಕೊಟ್ಟು ಮಲಗುವವರು ಹೇಳುತ್ತಾರೆ. ನಿಜ, ತಂಪು. ಆದರೆ ಮಂಗಳೂರಿನ ಸುತ್ತ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ಮಳೆಯ ಕೆಳಗೆ ಹುಲ್ಲು ಕೊಳೆಯುತ್ತದೆ. ಗೆದ್ದಲು, ಇಲಿ, ಇಲಿಯ ಹಿಂದೆ ಹಾವು. ನಮ್ಮ ದಾದಿಮಾ ಹುಲ್ಲಿನ ಮನೆಯ ಬಗ್ಗೆ ಒಮ್ಮೆಯೂ ಒಳ್ಳೆಯ ಮಾತಾಡಿದ್ದನ್ನು ನಾವು ಕೇಳಿಲ್ಲ. ಮೇ ತಿಂಗಳು ಬಂತೆಂದರೆ ಹುಲ್ಲಿಗೆ ದುಡ್ಡು, ಹೊದೆಸುವ ಆಳಿಗೆ ದುಡ್ಡು. ಆ ಸಾಲ ತೀರುವಷ್ಟರಲ್ಲಿ ಮತ್ತೆ ಮೇ ತಿಂಗಳು. ರಾತ್ರಿ ಮಲಗುವ ಮುಂಚೆ ಒಲೆಯ ಬೂದಿಗೆ ಎರಡು ಸಲ ನೀರು ಚಿಮುಕಿಸುವ ಅಭ್ಯಾಸವನ್ನು ಅವರು ಗ್ಯಾಸ್ ಒಲೆ ಬಂದ ಮೇಲೂ ಬಿಟ್ಟಿರಲಿಲ್ಲ. ಒಲೆಯ ಕಟ್ಟೆಯನ್ನೇ ಒದ್ದೆ ಮಾಡುತ್ತಿದ್ದರು.

ಹಾಗಾದರೆ ಹಂಚು ಇರಲಿಲ್ಲವೇ? ಇತ್ತು. ಕುಂಬಾರರು ಮಾಡುತ್ತಿದ್ದ ಅರ್ಧಗೋಲದ ನಾಡಹಂಚು ಬಹಳ ಹಳೆಯದು. ಅದನ್ನು ಹೊದೆಸುವುದು ಎಲ್ಲರ ಪಾಲಿಗೆ ಇರಲಿಲ್ಲ, ಅಷ್ಟೆ. ಮಲಬಾರಿನಲ್ಲಿ ಹಂಚಿನ ಮಾಡು ದೇವಾಲಯ, ಅರಮನೆಗಳ ಮರ್ಯಾದೆಯಾಗಿತ್ತು. ಉಳಿದವರು ಹಾಕಬೇಕಾದರೆ ಅರಸನ ಅಪ್ಪಣೆ ಬೇಕು. ವ್ಯಾಪಾರಕ್ಕೆ ಬಂದ ಯುರೋಪಿನ ಕಂಪನಿಗಳೂ ತಮ್ಮ ಕೋಠಿಗಳಿಗೆ ಹಂಚು ಹೊದೆಸಲು ಕೇಳಿಕೊಳ್ಳಬೇಕಾಗಿತ್ತು. ತಿರುವಾಂಕೂರಿನಲ್ಲಿ 1815ರಿಂದ 1829ರವರೆಗೆ ಆಳಿದ ರಾಣಿ ಗೌರಿ ಪಾರ್ವತಿಬಾಯಿಯ ಸುಧಾರಣೆಗಳಲ್ಲಿ ಎಲ್ಲ ಪ್ರಜೆಗಳೂ ಮನೆಗೆ ಹಂಚು ಹೊದೆಸಿಕೊಳ್ಳಬಹುದು ಎಂಬುದೂ ಒಂದು. ಮಳೆಯಲ್ಲಿ ನೆನೆಯದೆ ಮಲಗಲು ರಾಜಾಜ್ಞೆ ಬೇಕಾಗಿದ್ದ ಕಾಲವದು. ಆ ಆಜ್ಞೆ ಹೊರಟು ಇನ್ನೂರು ವರ್ಷಗಳಾಗಿವೆ, ಅಷ್ಟೇ.

ಅಪ್ಪಣೆ ಸಿಕ್ಕರೂ ನಾಡಹಂಚು ಬಡವನಿಗೆ ಸುಲಭವಲ್ಲ. ಒಂದರ ಮೇಲೊಂದು ಕವುಚಿ, ಮಗುಚಿ ಎರಡು ಪದರವಾಗಿ ಜೋಡಿಸಬೇಕು. ಭಾರ ಹೆಚ್ಚು, ಅದಕ್ಕೆ ತಕ್ಕ ಮರ ಬೇಕು. ಮಂಗ ಓಡಿದರೆ, ಜೋರು ಗಾಳಿ ಬೀಸಿದರೆ ಸರಿಯುತ್ತದೆ. ಇದಕ್ಕೆ ಪರಿಹಾರ ಬಂದದ್ದು ನಾವು ಎಣಿಸಿರದ ಕಡೆಯಿಂದ.

1841ರಲ್ಲಿ ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಚಪ್ಪಟೆ ಹಂಚಿಗೆ ಹಕ್ಕುಸ್ವಾಮ್ಯ ಪಡೆದರು. ಅದೇ ಜಾತಿಯ ಹಂಚನ್ನು ನಮ್ಮ ಮಣ್ಣಿನಲ್ಲಿ ಮಾಡಿದ್ದು ಬಾಸೆಲ್ ಮಿಷನ್. ಈ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ, ಕಿಟ್ಟೆಲ್ಲರ ನಿಘಂಟು 1894ರಲ್ಲಿ ಇವರಿಂದಲೇ ಬಂದವು. ಮತಾಂತರವಾದವರು ಜಾತಿಯ ಜೊತೆಗೆ ಕಸುಬು, ಗೇಣಿಭೂಮಿ, ಕೆಲವೊಮ್ಮೆ ಇದ್ದ ಮನೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕೊಡಲು ನೇಯ್ಗೆ ಬಂತು, ಮುದ್ರಣ ಬಂತು, ಕೊನೆಗೆ ಹಂಚು ಬಂತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಮೊದಲಿಗೆ ಎತ್ತುಗಳನ್ನು ಕಟ್ಟಿ ಮಣ್ಣು ಅರೆಯುತ್ತಿದ್ದರು. ದಿನಕ್ಕೆ 560 ಹಂಚು ಆಗುತ್ತಿತ್ತೆಂದು ದಾಖಲೆ ಹೇಳುತ್ತದೆ.

560 ಹಂಚು ಎಂದರೆ ಎಷ್ಟು? ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಅಂದರೆ ಇಡೀ ಕಾರ್ಖಾನೆಯ ಒಂದು ದಿನದ ದುಡಿಮೆ ಒಂದು ಚಿಕ್ಕ ಮನೆಗೆ ಸಾಕಾಗುತ್ತಿತ್ತು. ಮುಂದೆ ಉಗಿಯಂತ್ರ ಬಂತು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಮಿಷನ್ನಿನ ಇನ್ನಷ್ಟು ಕಾರ್ಖಾನೆಗಳಾದವು. ಅವರನ್ನು ನೋಡಿ ಊರಿನವರೂ ಶುರುಮಾಡಿದರು. ನದಿಯ ದಡದುದ್ದಕ್ಕೂ ಚಿಮಣಿಗಳೆದ್ದವು. ನಮ್ಮ ಕುಂದಾಪುರದ ಹೊಳೆಬದಿಗೂ ಹಂಚಿನ ಕಾರ್ಖಾನೆ ಬಂತು. ದೋಣಿಯಲ್ಲಿ ಬಂದ ಮಣ್ಣನ್ನು ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುವುದು. ಮಣ್ಣು, ಹಂಚು ಹೊರುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಮಂಗಳೂರು ಹಂಚಿನ ಹೊಗಳಿಕೆಯಲ್ಲಿ ಈ ಹೆಂಗಸರ ಕತ್ತು, ಸೊಂಟಗಳ ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಈ ಹಂಚಿನ ಗುಟ್ಟು ಅದರ ಅಂಚುಗಳಲ್ಲಿದೆ. ಪಕ್ಕದಲ್ಲಿ ಗಾಡಿ, ಗಾಡಿಯಲ್ಲಿ ಕೂರುವ ಏಣು, ಕೆಳಗೆ ರೀಪಿಗೆ ಸಿಕ್ಕಿಕೊಳ್ಳುವ ಮೂಗು. ಒಂದು ಹಂಚು ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದೇ ಪದರವಾದ್ದರಿಂದ ಮರ ಕಡಿಮೆ ಸಾಕು. ಒಂದು ಒಡೆದರೆ ಅದೊಂದನ್ನೇ ತೆಗೆದು ಇನ್ನೊಂದನ್ನು ತೂರಿಸಬಹುದು. ಕತ್ತಲ ಕೋಣೆಗೆ ನಡುವೆ ಒಂದು ಕನ್ನಡಿ ಹಂಚು ಇಟ್ಟರೆ ಬೆಳಕು. ನಾವು ಅಲಿಫ್ ಬೇ ಕಲಿತದ್ದೂ, ಅ ಆ ಇ ಈ ತಿದ್ದಿದ್ದೂ ಅಂಥ ಒಂದು ಹಂಚಿನಿಂದ ನೆಲಕ್ಕೆ ಬೀಳುತ್ತಿದ್ದ ಚೌಕ ಬಿಸಿಲಿನ ಪಕ್ಕದಲ್ಲಿ. ಬಿಸಿಲು ಸರಿದಂತೆ ನಾವೂ ಸರಿಯುತ್ತಿದ್ದೆವು.

ಮಿಷನ್ನಿನವರು ಬಂದದ್ದು ಧರ್ಮಪ್ರಚಾರಕ್ಕೆ. ಅವರ ಧರ್ಮಕ್ಕೆ ಹೋದವರಿಗಿಂತ ಅವರ ಹಂಚಿನ ಕೆಳಗೆ ಬಂದವರು ಎಷ್ಟೋ ಪಾಲು ಹೆಚ್ಚು. ದೇವಸ್ಥಾನದ ಪೌಳಿ, ಇಗರ್ಜಿ, ಬಸದಿ, ನಮ್ಮ ಮಸೀದಿ, ಎಲ್ಲದರ ಮೇಲೂ ಅದೇ ಕೆಂಪು ಹಂಚು ಏರಿತು. ಕರಾವಳಿಯ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ. ಇಳಿಜಾರು ಮಾಡು, ಮರದ ಕಂಬ, ಕೆತ್ತನೆಯ ಮುಚ್ಚಿಗೆ. ಗುಡಿ ಕಟ್ಟಿದ ಆಚಾರಿಗಳ ಕೈಯೇ ಮಸೀದಿಯನ್ನೂ ಕಟ್ಟುತ್ತಿತ್ತು. ಮಳೆಗೆ ಉತ್ತರ ಕೊಡುವ ರೀತಿ ಇಬ್ಬರಿಗೂ ಒಂದೇ ಆಗಿತ್ತು. ಹಳೆಯ ಮಸೀದಿಯ ಮಾಡನ್ನು ಕಂಡು ಇದು ಮೊದಲು ಏನಾಗಿತ್ತು ಎಂದು ಅನುಮಾನ ಪಡುವವರು ಈ ಒಂದು ವಿಷಯವನ್ನು ತಿಳಿದಿದ್ದರೆ ಒಳ್ಳೆಯದಿತ್ತು.

ಹಂಚು ಕಡಲನ್ನೂ ದಾಟಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮುಂಚೆ ದಾರಿಯೆಂದರೆ ಬಂದರವೇ. ಮುಂಬಯಿ, ಸಿಲೋನ್, ಪೂರ್ವ ಆಫ್ರಿಕಾಕ್ಕೆ ಹಂಚು ಹೋಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ. ಅಲ್ಲಿಯ ಮುಸ್ಲಿಮರು ದೋಣಿಯಲ್ಲಿ ತೆಂಗಿನ ನಾರಿನ ಹುರಿ ತಂದು, ಅಕ್ಕಿ ಒಯ್ಯುತ್ತಿದ್ದರು. ಮಂಗಳೂರಿನ ಹಂಚೂ ಮಂಜಿಗಳಲ್ಲಿ ಆ ದ್ವೀಪಗಳಿಗೆ ಹೋಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರ ನಂಟಿನ ಈ ಕಾರ್ಖಾನೆಗಳನ್ನು ಮಿಷನ್ನಿನ ಕೈಯಿಂದ ತೆಗೆದರು. ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹೆಸರು ಬದಲಾಯಿತು, ಹಂಚು ಬದಲಾಗಲಿಲ್ಲ.

ಇಷ್ಟೆಲ್ಲ ಆದರೂ, ಜೆಪ್ಪುವಿನ ಮೊದಲ ಹಂಚು ಭಟ್ಟಿಯಿಂದ ಹೊರಬಂದು ನೂರು ವರ್ಷ ಕಳೆದರೂ, ನಮ್ಮ ದಾದಾರ ಮನೆಯ ಮೇಲೆ ಹುಲ್ಲೇ ಇತ್ತು. ಇದು ಬಹಳ ದಿನ ನಮಗೆ ಅರ್ಥವಾಗಿರಲಿಲ್ಲ. ಬಡತನ ಎಂದುಕೊಂಡಿದ್ದೆವು. ಬಡತನ ಹೌದು, ಆದರೆ ಅಷ್ಟೇ ಅಲ್ಲ. ದಾದಾ ಚಾಲಗೇಣಿ ಒಕ್ಕಲು. ಮೂಲಗೇಣಿಯವನನ್ನು ಸುಲಭವಾಗಿ ಎಬ್ಬಿಸುವಂತಿಲ್ಲ; ಚಾಲಗೇಣಿಯವನನ್ನು ಧಣಿ ವರ್ಷದ ಕೊನೆಗೆ ಏಳು ಎನ್ನಬಹುದು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬ ನೆಲದ ಮೇಲೆ ಅರ್ಧ ಶತಮಾನ ಬಾಳುವ ಹಂಚನ್ನು ಯಾರು ಹಾಕುತ್ತಾರೆ? ಧಣಿ ಮೆಚ್ಚಿ ಸುಮ್ಮನಿರುತ್ತಾನೆಂಬ ಭರವಸೆಯೂ ಇಲ್ಲ. ಒಕ್ಕಲಿಗೆ ಹಂಚಿನ ಮನೆಯೇ ಎಂದು ಅವನ ಕಣ್ಣು ಕೆಂಪಾಗಬಹುದು. ಅರಸನ ಅಪ್ಪಣೆ ಹೋಗಿತ್ತು, ಧಣಿಯ ಅಪ್ಪಣೆ ಉಳಿದಿತ್ತು.

ಅದು ಹೋದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ. 1974ರ ಮಾರ್ಚ್ 1ರಿಂದ ಗೇಣಿಭೂಮಿ ಸರ್ಕಾರದ್ದಾಯಿತು. ಉಳುವವನು ಅರ್ಜಿ ಹಾಕಿ ತನ್ನದಾಗಿಸಿಕೊಳ್ಳಬಹುದಾಯಿತು. ಕರಾವಳಿಯಲ್ಲಿ ಬಿಲ್ಲವರು, ಮೊಗವೀರರು, ಕ್ರೈಸ್ತರು, ಮುಸ್ಲಿಮರೆಂಬ ಭೇದವಿಲ್ಲದೆ ಒಕ್ಕಲುಗಳು ಏಳನೆಯ ನಂಬರಿನ ಫಾರಂ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ದಾದಾ ಕೂಡ ನಿಂತರು. ಉರ್ದುವಿನಲ್ಲಿ ಮಾತ್ರ ಸಹಿ ಹಾಕಲು ಬರುತ್ತಿದ್ದ ಅವರು ಕನ್ನಡದಲ್ಲಿ ಹೆಸರು ಬರೆಯುವುದನ್ನು ಅದಕ್ಕಾಗಿಯೇ ಕಲಿತರಂತೆ. ತೀರ್ಪು ಬಂದ ಮರುವರ್ಷ ಬಂದರದ ಹಳೆಯ ಗೋದಾಮೊಂದನ್ನು ಕೆಡವಿದರು. ಅದರ ಹಂಚನ್ನು ದಾದಾ ಎತ್ತಿನ ಗಾಡಿಗಳಲ್ಲಿ ತಂದು ಹುಲ್ಲಿನ ಜಾಗದಲ್ಲಿ ಹೊದೆಸಿದರು. ಅವುಗಳಲ್ಲಿ ಕೆಲವು ಬಾಸೆಲ್ ಮಿಷನ್ನಿನವು. ಬೆನ್ನ ಮೇಲೆ 1865 ಎಂದು ಒತ್ತಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಮಾಡಿದ ವರ್ಷವಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಮನೆ 1865ರದ್ದು ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೆವು.

ಮುಂದಿನ ಅಧ್ಯಾಯ ಓದುಗರಿಗೆ ಗೊತ್ತಿರುವುದೇ. ಮನೆಗೊಬ್ಬರಂತೆ ಕೊಲ್ಲಿಗೆ ಹೋದರು, ಮನೆಗೊಂದರಂತೆ ತಾರಸಿ ಬಂತು. ತೊಂಬತ್ತರ ದಶಕದಲ್ಲಿ ಹಂಚಿನ ಮನೆಯ ಹುಡುಗಿಗೆ ಸಂಬಂಧ ಕೂಡುವುದು ಕಷ್ಟ ಎನ್ನುವವರೆಗೆ ಹೋಗಿತ್ತು. ಭಾಯಿಯೂ ದುಬೈಯ ದುಡಿಮೆಯಲ್ಲಿ ಹಿಂಭಾಗಕ್ಕೆ ತಾರಸಿ ಹಾಕಿಸಿದರು. ಮರುಭೂಮಿಯಲ್ಲಿ ಕಂಡ ಚಪ್ಪಟೆ ಮಾಡನ್ನು ಮೂರೂವರೆ ಮೀಟರ್ ಮಳೆಯ ಕೆಳಗೆ ತಂದಿಟ್ಟೆವು. ಅಳಿವೆಯ ಹತ್ತಿರದ ಉಪ್ಪು ಮರಳು ಕಾಂಕ್ರೀಟಿಗೆ ಹೋಯಿತು, ಮೇಲಿಂದ ಉಪ್ಪುಗಾಳಿ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಸ್ಲ್ಯಾಬಿನ ತಳದ ಸಿಮೆಂಟು ಹಪ್ಪಳದಂತೆ ಎದ್ದು ಬೀಳುತ್ತದೆ. ನಮ್ಮ ಅಡಿಗೆಮನೆಯಲ್ಲಿ ಬಿದ್ದದ್ದು ಅಮ್ಮಿಯ ಭುಜದಿಂದ ಒಂದು ಗೇಣು ಆಚೆ. ಈಗ ಕರಾವಳಿಯಲ್ಲಿ ಎಲ್ಲಿ ನೋಡಿದರೂ ತಾರಸಿಯ ಮೇಲೆ ಪೈಪು ನಿಲ್ಲಿಸಿ ಬಣ್ಣದ ಶೀಟಿನ ಇಳಿಜಾರು ಮಾಡು. ಸುತ್ತಿ ಬಳಸಿ ಇಳಿಜಾರಿಗೇ ಬಂದಿದ್ದೇವೆ. ಅಷ್ಟರಲ್ಲಿ ಮಣ್ಣು, ಸೌದೆ, ಆಳು ಮೂರೂ ದುಬಾರಿಯಾಗಿ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋಗಿವೆ.

ಆಚಾರಿಯನ್ನು ಕರೆಸಿದೆವು. ಏಣಿ ಹತ್ತಿ ಪಕ್ಕಾಸುಗಳನ್ನು ಉಳಿಯ ಹಿಡಿಯಿಂದ ಕುಟ್ಟಿ ನೋಡಿ ಕೆಳಗಿಳಿದರು. “ಸಾಯ್ಬ್ರೆ, ಮರ ಗಟ್ಟಿ ಇತ್ತ್. ರೀಪ್ ಬದ್ಲ್ ಮಾಡಿ ಹಂಚ್ ಕೈಯಾಡ್ಸ್ರೆ ಸಾಕ್. ತೆಗುಕೆ ಹೋಯ್ಬೇಡಿ” ಎಂದರು. ಭಾಯಿ ಬಹಳ ಹೊತ್ತು ಸುಮ್ಮನಿದ್ದರು. ಗೋದಾಮಿನ ಹಂಚನ್ನು ಗಾಡಿಯಿಂದ ಇಳಿಸಿದವರಲ್ಲಿ ಅವರೂ ಒಬ್ಬರು. ಆಗ ಹತ್ತು ವರ್ಷವಿರಬೇಕು.

ಮುಂಭಾಗದ ಹಂಚು ಉಳಿಯಿತು. ಎಲ್ಲ ಇಳಿಸಿ, ಪಾಚಿ ಉಜ್ಜಿ, ಒಡೆದಿದ್ದ ಇನ್ನೂರಕ್ಕೆ ಬದಲು ಹಳೇ ಮನೆಯೊಂದರಿಂದ ಹುಡುಕಿ ತಂದು ಮತ್ತೆ ಹೊದೆಸಿದೆವು. ತಾರಸಿಯ ಮೇಲೆ ಶೀಟ್ ಬಂತು. ಉಪ್ಪುಗಾಳಿಗೆ ಬರೀ ಸತುವಿನ ಲೇಪಕ್ಕಿಂತ ಅಲ್ಯೂಮಿನಿಯಂ, ಸತು ಬೆರೆತ ಲೇಪ ಒಳ್ಳೆಯದೆಂದು ವಿಚಾರಿಸಿ ಅದನ್ನೇ ತರಿಸಿದ್ದೆವು. ಸ್ಕ್ರೂಗಳ ಕಡೆ ನಮ್ಮ ಗಮನ ಹೋಗಲಿಲ್ಲ. ಸ್ಟೇನ್‌ಲೆಸ್ ಹಾಕುತ್ತೇನೆಂದು ಒಪ್ಪಿದ್ದವನು ಸಾದಾ ಹಾಕಿ ಹೋಗಿದ್ದ. ಒಂದೇ ಮಳೆಗಾಲಕ್ಕೆ ಪ್ರತಿ ಸ್ಕ್ರೂವಿನ ಕೆಳಗೂ ಕಂದು ಕಣ್ಣೀರಿನಂತೆ ಗೆರೆ ಇಳಿದಿದೆ.

ಮಳೆ ಜೋರಾದರೆ ಶೀಟಿನ ಸದ್ದಿಗೆ ಹಿಂದಿನ ಕೋಣೆಯಲ್ಲಿ ಮಾತು ಕೇಳಿಸುವುದಿಲ್ಲ, ಬಾಂಗೂ ಕೇಳಿಸುವುದಿಲ್ಲ. ಅಮ್ಮಿ ತಮ್ಮ ಹಾಸಿಗೆಯನ್ನು ಮುಂದಿನ ಕೋಣೆಗೆ, ಹಂಚಿನ ಕೆಳಗೆ ಹಾಕಿಸಿಕೊಂಡಿದ್ದಾರೆ. ಸ್ಕ್ರೂ ಬದಲಿಸಲು ಬರುತ್ತೇನೆಂದವನು ಇನ್ನೂ ಬಂದಿಲ್ಲ.